ವ್ಯಾಟ್ ಪಕ್ಕದಲ್ಲಿ ಓಮ್ ಕೂಡ ಅಚ್ಚಾಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ದೀಪಾವಳಿಗೆ ಮುಂಚಿನ ಭಾನುವಾರ ನಿಮ್ಮ ಪತ್ರಿಕೆಯ ಜೊತೆ ನಾಲ್ಕು ಪುಟದ ಜಾಹೀರಾತು ಪುರವಣಿ ಬಂದಿತ್ತು. ಅದು ಇನ್ನೂ ನನ್ನ ಅಂಗಡಿಯ ಟೇಬಲ್ ಮೇಲಿದೆ. ಸೋಲ್ಡರ್ ಹನಿ ಬಿದ್ದು ಟೇಬಲ್ ಸುಡದಿರಲಿ ಅಂತ ಹಾಸಿಕೊಂಡಿದ್ದೆ. ತಲೆ ಬಗ್ಗಿಸಿ ಕೆಲಸ ಮಾಡುವಾಗಲೆಲ್ಲ ಒಂದೇ ಸಾಲು ಕಣ್ಣಿಗೆ ಬೀಳುತ್ತದೆ: ‘5.1 ಹೋಂ ಥಿಯೇಟರ್, 12,000 ವ್ಯಾಟ್ ಪಿಎಂಪಿಒ.’ ಅದರ ಕೆಳಗೆ ಬೆಲೆ ಇದೆ, ಕಂತಿನ ಲೆಕ್ಕ ಇದೆ, ಉಚಿತ ಮಿಕ್ಸರ್ ಚಿತ್ರ ಇದೆ. ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ, ಅಂದರೆ ಓಮ್, ಎಷ್ಟು ಅಂತ ಮಾತ್ರ ಎಲ್ಲೂ ಇಲ್ಲ. ಅದರ ಬಗ್ಗೆಯೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಆ 12,000ದ ವಿಷಯ ಹೇಳಿ ಮುಗಿಸುತ್ತೇನೆ. ಮನೆಯ ಇಸ್ತ್ರಿ ಪೆಟ್ಟಿಗೆ 1,000 ವ್ಯಾಟ್. ಗೀಸರ್ 2,000 ವ್ಯಾಟ್. 12,000 ವ್ಯಾಟ್ ಅಂದರೆ ಆರು ಗೀಸರ್ ಒಟ್ಟಿಗೆ ಹಾಕಿದ ಹಾಗೆ. ಟಿ.ವಿ. ಪಕ್ಕದ ಸಣ್ಣ ಪ್ಲಗ್ 6 ಆಂಪಿಯರ್‌ನದು. 230 ವೋಲ್ಟ್‌ಗೆ ಗುಣಿಸಿದರೆ 1,380 ವ್ಯಾಟ್. ಅದಕ್ಕಿಂತ ಜಾಸ್ತಿ ಆ ಪ್ಲಗ್‌ನಿಂದ ಎಳೆಯುವ ಹಾಗಿಲ್ಲ. ಪಿಎಂಪಿಒ ಅನ್ನೋ ಸಂಖ್ಯೆಗೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಜೋರನ್ನು ಹಿಡಿದು, ಎಲ್ಲ ಚಾನೆಲ್ (ಒಂದೊಂದು ಸ್ಪೀಕರಿಗೆ ಹೋಗುವ ಒಂದೊಂದು ದಾರಿ) ಕೂಡಿಸಿ, ಮಾರುವವರು ತಮಗೆ ಬೇಕಾದ ಹಾಗೆ ಬರೆದುಕೊಳ್ಳುತ್ತಾರೆ. ಇಂಥ ಸೆಟ್‌ಗಳನ್ನು ಎಷ್ಟೋ ಬಿಚ್ಚಿದ್ದೇನೆ. ಒಳಗಿನ ಟ್ರಾನ್ಸ್‌ಫಾರ್ಮರ್ ಗಾತ್ರ ನೋಡಿದರೆ ಸಾಕು, ಒಟ್ಟು ನಲವತ್ತೈವತ್ತು ವ್ಯಾಟ್ ಬಂದರೆ ಹೆಚ್ಚು ಅಂತ ಗೊತ್ತಾಗುತ್ತದೆ.

ನಾನು ತುಮಕೂರಿನ ಗುಬ್ಬಿ ಗೇಟ್ ಹತ್ತಿರ 1991ರಿಂದ ರೇಡಿಯೊ, ಟಿ.ವಿ., ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದೇನೆ. ಅಂಗಡಿ ಹಾಕುವ ಮುಂಚೆ ಒಂದು ಮೈಕ್ ಸೆಟ್‌ನವರ ಹತ್ತಿರ ಕೆಲಸದ ಹುಡುಗನಾಗಿದ್ದೆ. ಸಿದ್ಧಗಂಗೆ ಜಾತ್ರೆ, ಗಣೇಶನ ಪೆಂಡಾಲು, ಮದುವೆ ಮನೆ, ಎಲ್ಲ ಕಡೆ ಹಾರ್ನ್ ಹೊತ್ತಿದ್ದೇನೆ. ನಮ್ಮ ಹತ್ತಿರ ಇದ್ದದ್ದು ಅಹುಜ ಆಂಪ್ಲಿಫೈಯರ್. ಅದರ ಬೆನ್ನಲ್ಲಿ 4, 8, 16 ಅಂತ ಬರೆದ ಟರ್ಮಿನಲ್‌ಗಳು. ಕಂಬಕ್ಕೆ ಕಟ್ಟುವ ಹಾರ್ನ್‌ನ ಯೂನಿಟ್ 16 ಓಮ್. ಒಂದೇ ಹಾರ್ನ್ ಆದರೆ ವೈರು 16ಕ್ಕೆ. ಎರಡನ್ನು ಪ್ಯಾರಲಲ್ ಆಗಿ ಜೋಡಿಸಿದರೆ 8ಕ್ಕೆ. ನಾಲ್ಕಾದರೆ 4ಕ್ಕೆ. ಯಜಮಾನರು ನನಗೆ ಕಲಿಸಿದ ಮೊದಲ ಪಾಠ ಇದು, ಸೋಲ್ಡರ್ ಹಿಡಿಯೋದು ಆಮೇಲೆ. ‘ವ್ಯಾಟ್ ಆಮೇಲೆ ನೋಡ್ಕೊಳ್ಳೋ, ಮೊದ್ಲು ಓಮ್ ಎಣಿಸು’ ಅನ್ನುತ್ತಿದ್ದರು. ಏಳನೇ ಕ್ಲಾಸು ಬಿಟ್ಟು ಬಂದ ಹುಡುಗರೂ ಆ ಲೆಕ್ಕ ತಪ್ಪುತ್ತಿರಲಿಲ್ಲ.

ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ. ತಡೆ ಕಮ್ಮಿ ಆದಷ್ಟೂ ಆಂಪ್ಲಿಫೈಯರ್‌ನಿಂದ ಕರೆಂಟ್ ಜಾಸ್ತಿ ಹೋಗುತ್ತದೆ. 8 ಓಮ್ ಇರಬೇಕಾದ ಜಾಗದಲ್ಲಿ 4 ಓಮ್ ಹಾಕಿದರೆ ಅದೇ ವಾಲ್ಯೂಮಿಗೆ ಎರಡರಷ್ಟು ಕರೆಂಟ್. ಆ ಭಾರವೆಲ್ಲ ಔಟ್‌ಪುಟ್ ಟ್ರಾನ್ಸಿಸ್ಟರ್ ಮೇಲೆ ಬೀಳುತ್ತದೆ. ಅದು ಬಿಸಿಯಾಗುತ್ತದೆ. ಒಳ್ಳೇ ರಿಸೀವರ್ (ಹೋಂ ಥಿಯೇಟರ್ ಸ್ಪೀಕರ್‌ಗಳನ್ನೆಲ್ಲ ಓಡಿಸುವ ಆಂಪ್ಲಿಫೈಯರ್ ಪೆಟ್ಟಿಗೆ) ಆದರೆ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಅಗ್ಗದ್ದಾದರೆ ಸುಟ್ಟು ಹೋಗುತ್ತದೆ.

ಎಸ್.ಎಸ್. ಪುರಂನ ಒಬ್ಬ ನಿವೃತ್ತ ಮೇಷ್ಟ್ರಿಗೆ ಆದದ್ದು ಇದೇ. ಹಬ್ಬ ಕಳೆದು ಮೂರು ವಾರ ಆಗಿರಬೇಕು. ಆಟೋದಲ್ಲಿ ಹೊಸ ರಿಸೀವರ್ ತಂದು ಇಳಿಸಿದರು. ಡಬ್ಬದ ಥರ್ಮೋಕೋಲ್ ಕೂಡ ಹಾಗೇ ಇತ್ತು.

‘ತಿಂಗಳೂ ಆಗಿಲ್ಲ ಕಣಪ್ಪಾ. ಇಪ್ಪತ್ತು ನಿಮಿಷ ಹಾಡುತ್ತೆ, ಟಕ್ ಅಂತ ಆಫ್ ಆಗ್ಬಿಡುತ್ತೆ. ತಗೊಂಡ ಅಂಗಡೀಲಿ ಕೇಳಿದ್ರೆ ನಿಮ್ಮ ಮನೆ ಕರೆಂಟ್ ಸರಿ ಇಲ್ಲ ಅಂತಾರೆ.’

‘ಮೇಷ್ಟ್ರೇ, ಸ್ಪೀಕರ್ ಯಾವುದು ಹಾಕಿದೀರಿ?’

‘ಹಳೇವೇ. ಡಿವಿಡಿ ಸೆಟ್ ಜೊತೆ ಬಂದಿದ್ದವು ಚೆನ್ನಾಗೇ ಇದಾವಲ್ಲ. ಯಾವ ಸ್ಪೀಕರ್ ಆದ್ರೂ ನಡೆಯುತ್ತೆ ಸಾರ್, ವ್ಯಾಟ್ ಮ್ಯಾಚ್ ಆಗುತ್ತೆ ಅಂದ್ರು.’

ಮಾರನೇ ದಿನ ಅವರ ಮನೆಗೇ ಹೋದೆ. ರಿಸೀವರ್ ಹಿಂದೆ ಟಾರ್ಚ್ ಬಿಟ್ಟು ತೋರಿಸಿದೆ. ಸ್ಪೀಕರ್ ಟರ್ಮಿನಲ್ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ‘6ರಿಂದ 16 ಓಮ್’ ಅಂತ ಇತ್ತು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಗ್ಗಿ ಓದಿದರು. ಆಮೇಲೆ ಗೋಡೆಯ ಮೊಳೆಯಿಂದ ಒಂದು ಸ್ಪೀಕರ್ ಇಳಿಸಿ ಬೆನ್ನು ಒರೆಸಿದೆ. ಧೂಳಿನ ಕೆಳಗಿನ ಚೀಟಿಯಲ್ಲಿ ‘3 ಓಮ್’. ಮಲ್ಟಿಮೀಟರ್ ಇಟ್ಟರೆ 2.7 ತೋರಿಸಿತು. ಮೀಟರ್ ತೋರಿಸೋದು ಸುರುಳಿಯ ತಂತಿಯ ತಡೆ ಮಾತ್ರ, ಹಾಗಾಗಿ ಚೀಟಿಯ ಸಂಖ್ಯೆಗಿಂತ ಸ್ವಲ್ಪ ಕಮ್ಮಿಯೇ ಬರುತ್ತದೆ. 8 ಓಮ್ ಸ್ಪೀಕರಿಗೆ ಆರರ ಆಸುಪಾಸು, 4 ಓಮ್‌ಗೆ ಮೂರೂಕಾಲು ಮೂರೂವರೆ. ಮನೆಯಲ್ಲಿ ಮೀಟರ್ ಇದ್ದವರು ಇದನ್ನು ನೆನಪಿಟ್ಟುಕೊಂಡರೆ ಚೀಟಿ ಹರಿದು ಹೋದ ಸ್ಪೀಕರನ್ನೂ ಗುರುತಿಸಬಹುದು.

ಕಮ್ಮಿ ಅಂದರೆ 6 ಓಮ್ ಬೇಕು ಅನ್ನುವ ಯಂತ್ರಕ್ಕೆ 3 ಓಮ್‌ನ ಐದು ಸ್ಪೀಕರ್. ಮೇಷ್ಟ್ರ ಮನೆಯ ಕರೆಂಟಿನದು ಏನೂ ತಪ್ಪಿರಲಿಲ್ಲ. ರಿಸೀವರ್‌ನದೂ ತಪ್ಪಿರಲಿಲ್ಲ. ತನ್ನ ಜೀವ ಉಳಿಸಿಕೊಳ್ಳಲು ಅದು ಆಫ್ ಆಗುತ್ತಿತ್ತು ಅಷ್ಟೇ.

ಡಬ್ಬಿ ಸೆಟ್‌ಗಳ ಗುಟ್ಟು ಜನಕ್ಕೆ ಗೊತ್ತಿರಬೇಕು. ಆಂಪ್ಲಿಫೈಯರ್, ಸ್ಪೀಕರ್ ಎಲ್ಲ ಒಂದೇ ಡಬ್ಬದಲ್ಲಿ ಬರುವ ಸೆಟ್‌ನಲ್ಲಿ ತಯಾರಿಸಿದವರು ಒಂದಕ್ಕೊಂದು ಹೊಂದಿಸಿ ಇಟ್ಟಿರುತ್ತಾರೆ. ಸಣ್ಣ ವೋಲ್ಟೇಜ್‌ನಲ್ಲಿ ಜಾಸ್ತಿ ಸದ್ದು ಬರಲಿ ಅಂತ 3 ಓಮ್, 4 ಓಮ್ ಸ್ಪೀಕರ್ ಹಾಕುತ್ತಾರೆ. ಆ ಜೋಡಿಯಲ್ಲಿ ಅದು ಸರಿ. ಜೋಡಿ ಮುರಿದು ಸ್ಪೀಕರನ್ನು ಬೇರೆ ಮನೆಗೆ ಕಳಿಸಿದರೆ ಬಾಳಿಕೆ ಬರಲ್ಲ. ಬಾಸ್, ಅಂದರೆ ದಪ್ಪ ಸದ್ದು, ಹೊರಡಿಸುವ ಸಬ್‌ವೂಫರ್‌ದು ಇನ್ನೊಂದು ತೊಂದರೆ. ಅಂಥ ಸೆಟ್‌ಗಳಲ್ಲಿ ಎಷ್ಟೋ ಸಲ ಸಬ್‌ವೂಫರ್‌ಗೆ ಸ್ವಂತ ಆಂಪ್ಲಿಫೈಯರ್ ಇರುವುದಿಲ್ಲ. ಹೊಸ ರಿಸೀವರ್‌ನ ಸಬ್‌ವೂಫರ್ ಪಿನ್‌ನಿಂದ ಬರೋದು ಬರೀ ಸಿಗ್ನಲ್. ಅದು ಕೋನ್ ಅಲ್ಲಾಡಿಸುವಷ್ಟು ಶಕ್ತಿ ಕೊಡಲ್ಲ. ಮೇಷ್ಟ್ರು ಆ ದೊಡ್ಡ ಪೆಟ್ಟಿಗೆಯನ್ನು ಅಷ್ಟು ದಿನವೂ ಸುಮ್ನೆ ಮೂಲೆಯಲ್ಲಿ ಇಟ್ಟಿದ್ದರು, ‘ಬಾಸ್ ಯಾಕೋ ಬರ್ತಾ ಇಲ್ಲ’ ಅಂತ.

ಕೆಲವು ರಿಸೀವರ್‌ಗಳ ಮೆನುವಿನಲ್ಲಿ ‘4 ಓಮ್’ ಅಂತ ಆರಿಸಿಕೊಳ್ಳಲು ಬರುತ್ತದೆ. ಅದನ್ನು ಒತ್ತಿದರೆ ರಿಸೀವರ್‌ಗೆ ಹೊಸ ತಾಕತ್ತು ಬರುವುದಿಲ್ಲ. ಒಳಗಿನ ವೋಲ್ಟೇಜ್ ತಗ್ಗುತ್ತದೆ, ಬಿಸಿ ಕಮ್ಮಿ ಆಗುತ್ತದೆ, ವ್ಯಾಟೂ ಕಮ್ಮಿ ಆಗುತ್ತದೆ. ಅದು ಕೂಡ 3 ಓಮ್‌ಗೆ ಉತ್ತರ ಅಲ್ಲ.

ಮೇಷ್ಟ್ರು ಕೊನೆಗೆ ಮುಂದಿನ ಎರಡು, ನಡುವಿನ ಒಂದು, ಹೀಗೆ ಮೂರು 8 ಓಮ್ ಸ್ಪೀಕರ್ ತಂದರು. ಮೂರೇ ಸಾಕು ಅಂತ ನಾನೇ ಹೇಳಿದೆ. ಸಿನಿಮಾದ ಮಾತೆಲ್ಲ ಬಹುಪಾಲು ನಡುವಿನದರಲ್ಲೇ ಬರುತ್ತದೆ. ಹಿಂದಿನವು ನಿಧಾನವಾಗಿ ತರಬಹುದು. ಈಗ ಅವರ ಮನೆಯಲ್ಲಿ ಮೂರು ಗಂಟೆ ಸಿನಿಮಾ ಮುಗಿದ ಮೇಲೂ ರಿಸೀವರ್ ಮೇಲೆ ಕೈ ಇಟ್ಟರೆ ಬೆಚ್ಚಗಿರುತ್ತದೆ ಅಷ್ಟೇ.

ಇನ್ನೊಂದು ತಿಪಟೂರಿನ ಕಥೆ. ಇಲ್ಲಿ ತಪ್ಪು ಬೇರೆ ಥರದ್ದು, ಮತ್ತು ಜನ ನಂಬುವುದೇ ಕಷ್ಟ. ಅಲ್ಲಿನ ಒಬ್ಬ ಕೊಬ್ಬರಿ ವ್ಯಾಪಾರಿ ಹೊಸ ಮನೆ ಕಟ್ಟಿಸಿ, ಇಪ್ಪತ್ತಡಿಗೆ ಮೂವತ್ತಡಿ ಹಾಲ್‌ನಲ್ಲಿ ಆಳೆತ್ತರದ ಎರಡು ಸ್ಪೀಕರ್ ನಿಲ್ಲಿಸಿದರು. ಸ್ಪೀಕರ್ ಮೇಲೆ 150 ವ್ಯಾಟ್ ಅಂತ ಇತ್ತು. ರಿಸೀವರ್ 80 ವ್ಯಾಟ್. ‘ಆಂಪ್ಲಿಫೈಯರ್ ಚಿಕ್ಕದು, ಸ್ಪೀಕರ್ ದೊಡ್ಡದು, ಜನ್ಮದಲ್ಲಿ ಸುಡಲ್ಲ ಅಣ್ಣಾ’ ಅಂತ ಮಾರಿದವರು ಹೇಳಿದ್ದರು. ಗೃಹಪ್ರವೇಶದ ಸಂಜೆ ಹುಡುಗರು ವಾಲ್ಯೂಮ್ ಪೂರ್ತಿ ಏರಿಸಿದರು. ಬಾಸ್ ಬೇರೆ ಏರಿಸಿದರು. ಅರ್ಧ ಗಂಟೆಗೆ ಎರಡೂ ಟ್ವೀಟರ್ (ಪೆಟ್ಟಿಗೆಯೊಳಗೆ ಕೀರಲು ಸ್ವರ ಹೊರಡಿಸುವ ಸಣ್ಣ ಸ್ಪೀಕರ್) ಹೋದವು. ಹೊಸ ಟ್ವೀಟರ್ ಹಾಕಿಸಿದರು. ಯುಗಾದಿಗೆ ಮತ್ತೆ ಹೋದವು. ಆಗ ನನ್ನ ಹತ್ತಿರ ಬಂದರು.

ಆ ಟ್ವೀಟರ್ ಬಿಚ್ಚಿದ್ದು ನನಗೆ ಚೆನ್ನಾಗಿ ನೆನಪಿದೆ. ಮುಖದ ತಟ್ಟೆಯ ಸ್ಕ್ರೂ ತೆಗೆದು, ಬ್ಲೇಡ್ ತುದಿಯಿಂದ ಅಂಟು ಬಿಡಿಸಿ ಎತ್ತಿದೆ. ನಾಣ್ಯದಗಲದ ರೇಷ್ಮೆ ಬಟ್ಟೆಯ ಗುಮ್ಮಟ. ಮೇಲಿನಿಂದ ಅದಕ್ಕೆ ಏನೂ ಆಗಿರಲಿಲ್ಲ, ಹೊಸದರ ಹಾಗೇ ಇತ್ತು. ತಿರುಗಿಸಿದರೆ ಹಿಂದೆ ವಾಯ್ಸ್ ಕಾಯಿಲ್. ತಲೆಕೂದಲಷ್ಟು ತೆಳು ತಾಮ್ರದ ತಂತಿಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಸರಿ ಇದ್ದಾಗ ಅದು ಕೆಂಪಗೆ ಹೊಳೆಯುತ್ತದೆ. ಇದು ಸೀದ ಬೆಲ್ಲದ ಪಾಕದ ಬಣ್ಣಕ್ಕೆ ಬಂದಿತ್ತು. ಉಗುರು ತಾಗಿಸಿದೆ, ಎರಡು ಸುತ್ತು ಕಳಚಿ ಮೇಜಿನ ಮೇಲೆ ಬಿತ್ತು. ಅಂಗಡಿ ತುಂಬ ವಾರ್ನಿಶ್ ಸುಟ್ಟ ವಾಸನೆ. ಮೋಟಾರ್ ಸುಟ್ಟಾಗ ಪಂಪ್‌ಹೌಸಿನಲ್ಲಿ ಬರುತ್ತಲ್ಲ, ಅದೇ ವಾಸನೆ, ಅದರ ನೂರರಲ್ಲಿ ಒಂದು ಪಾಲು. ಆ ಕಾಯಿಲ್ ಅನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೌಂಟರ್ ಮೇಲೆ ಇಟ್ಟಿದ್ದೇನೆ. ‘ಚಿಕ್ಕ ಆಂಪ್ಲಿಫೈಯರ್ ಸೇಫ್ ಅಲ್ವಾ’ ಅಂತ ಕೇಳಿದವರಿಗೆಲ್ಲ ತೋರಿಸುತ್ತೇನೆ.

ಚಿಕ್ಕ ಆಂಪ್ಲಿಫೈಯರ್ ಹೇಗೆ ದೊಡ್ಡ ಸ್ಪೀಕರನ್ನು ಸುಡುತ್ತದೆ? ಆಂಪ್ಲಿಫೈಯರ್ ಕೊಡಬಲ್ಲ ವೋಲ್ಟೇಜ್‌ಗೆ ಒಂದು ಮಿತಿ ಇದೆ. ವಾಲ್ಯೂಮ್ ಅದಕ್ಕಿಂತ ಮೇಲೆ ಏರಿಸಿದರೆ ಸದ್ದಿನ ಅಲೆ, ಗಿಡ್ಡ ಬಾಗಿಲಲ್ಲಿ ಎತ್ತರದ ಆಳು ತಲೆ ಚಚ್ಚಿಕೊಂಡ ಹಾಗೆ, ಆ ಮಿತಿಗೆ ಬಡಿಯುತ್ತದೆ. ಅಲೆಯ ದುಂಡು ತಲೆ ಚಪ್ಪಟೆ ಆಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಅಂತಾರೆ. ಪೂರ್ತಿ ಚಪ್ಪಟೆಯಾದ ಅಲೆಯಲ್ಲಿ ಅದೇ ಎತ್ತರದ ನಯವಾದ ಅಲೆಗಿಂತ ಎರಡರಷ್ಟು ಶಕ್ತಿ ಇರುತ್ತದೆ. ಅಂದರೆ 80 ವ್ಯಾಟ್ ಯಂತ್ರ ಆಗ 80ರಲ್ಲಿ ನಿಲ್ಲುವುದಿಲ್ಲ. ಜೊತೆಗೆ ಹಾಡಿನಲ್ಲಿ ಇಲ್ಲದ ಕೀರಲು ಸದ್ದುಗಳು ಹುಟ್ಟುತ್ತವೆ. ಮೇಲಿನ ಸದ್ದೆಲ್ಲ ಹೋಗೋದು ಟ್ವೀಟರ್‌ಗೆ. ಬಾಸ್ ಮಿತಿಗೆ ಬಡಿದು ಅಲ್ಲೇ ನಿಂತಾಗಲೂ ಮೇಲಿನ ಸದ್ದು ಏರುತ್ತಲೇ ಹೋಗುತ್ತದೆ. ಸ್ಪೀಕರ್ ಮೇಲೆ ಬರೆದ 150 ವ್ಯಾಟ್ ಇಡೀ ಪೆಟ್ಟಿಗೆಗೆ ಸೇರಿದ್ದು. ಅದರಲ್ಲಿ ಟ್ವೀಟರ್ ಒಂದೇ ಎಡೆಬಿಡದೆ ತಡೆಯೋದು ಕೆಲವೇ ವ್ಯಾಟ್. ಹಾಡಿನ ಶಕ್ತಿ ಬಹುಪಾಲು ಬಾಸ್‌ನಲ್ಲೇ ಇರುತ್ತೆ, ಟ್ವೀಟರ್‌ಗೆ ಸ್ವಲ್ಪವೇ ಬರುತ್ತೆ ಅಂತ ನಂಬಿ ಆ 150 ಬರೆದಿರುತ್ತಾರೆ.

ಸ್ಪೀಕರ್ ಮೇಲಿನ ವ್ಯಾಟ್ ಅದು ತಡೆಯುವ ಲೆಕ್ಕ. ಅದು ಬೇಡುವ ಲೆಕ್ಕ ಅಲ್ಲ. 150 ವ್ಯಾಟ್ ಸ್ಪೀಕರಿಗೆ 150 ವ್ಯಾಟ್ ಕೊಡಲೇಬೇಕು ಅಂತೇನಿಲ್ಲ, ಎರಡು ವ್ಯಾಟಿನಲ್ಲೂ ಚೆನ್ನಾಗಿ ಹಾಡುತ್ತದೆ. ಹಾಗೇ 100 ವ್ಯಾಟ್ ರಿಸೀವರ್‌ಗೆ 60 ವ್ಯಾಟ್ ಸ್ಪೀಕರ್ ಹಾಕಿದರೆ ಆ ಕ್ಷಣಕ್ಕೇ ಸುಟ್ಟು ಹೋಗುವುದೂ ಇಲ್ಲ. ವಾಲ್ಯೂಮ್ ಏರಿಸಿದಷ್ಟೇ ಶಕ್ತಿ ಹೋಗೋದು. ಸದ್ದು ಒಡೆಯಿತು, ಕೀರಲಾಯಿತು ಅಂತ ಕಿವಿಗೆ ಅನಿಸಿದ ಕೂಡಲೇ ಇಳಿಸಬೇಕು. ನನ್ನ ಅನುಭವದಲ್ಲಿ ಮನೆಗಳಲ್ಲಿ ಟ್ವೀಟರ್ ಹೋಗೋದು ಜಾಸ್ತಿ ಚಿಕ್ಕ ಆಂಪ್ಲಿಫೈಯರ್ ಪೂರ್ತಿ ತಿರುಗಿಸಿದಾಗಲೇ.

ತಿಪಟೂರಿನವರಿಗೆ ನಾನು ದೊಡ್ಡ ರಿಸೀವರ್ ತನ್ನಿ ಅಂತ ಹೇಳಲಿಲ್ಲ. ಸ್ವಂತ ಆಂಪ್ಲಿಫೈಯರ್ ಇರುವ ಒಂದು ಸಬ್‌ವೂಫರ್ ತರಿಸಿದೆ. ರಿಸೀವರ್ ಮೆನುವಿನಲ್ಲಿ ಮುಂದಿನ ಸ್ಪೀಕರ್‌ಗಳನ್ನು ‘ಸ್ಮಾಲ್’ ಅಂತ ಮಾಡಿ ಕ್ರಾಸ್‌ಓವರ್, ಅಂದರೆ ಬಾಸ್ ಬೇರೆಯಾಗುವ ಗಡಿ, 80 ಹರ್ಟ್ಜ್‌ಗೆ (ಸೆಕೆಂಡಿಗೆ 80 ಕಂಪನ) ಇಟ್ಟೆ. ‘ಇಷ್ಟು ದೊಡ್ಡ ಸ್ಪೀಕರ್‌ನ ಸ್ಮಾಲ್ ಅಂತೀರಲ್ಲ’ ಅಂತ ಅವರಿಗೆ ಬೇಜಾರಾಯಿತು. ಅದು ಗಾತ್ರದ ಮಾತಲ್ಲ. 80 ಹರ್ಟ್ಜ್ ಕೆಳಗಿನ ಬಾಸ್ ಎಲ್ಲ ಸಬ್‌ವೂಫರ್‌ಗೆ ಹೋಗಲಿ ಅನ್ನುವ ಸೂಚನೆ. ಶಕ್ತಿ ಜಾಸ್ತಿ ನುಂಗೋದು ಆ ಬಾಸೇ. ಅದರ ಹೊರೆ ಇಳಿದ ಮೇಲೆ ಅದೇ 80 ವ್ಯಾಟ್ ರಿಸೀವರ್ ಅದೇ ಹಾಲ್‌ನಲ್ಲಿ ಆರಾಮಾಗಿ ಕೆಲಸ ಮಾಡುತ್ತಿದೆ. ಬಾಸ್ ನಾಬ್ ಸೊನ್ನೆಯಲ್ಲಿಟ್ಟು ವಾಲ್ಯೂಮ್‌ಗೆ ಒಂದು ಮಿತಿ ಕೂಡ ಹಾಕಿ ಕೊಟ್ಟೆ. ಈ ಸೌಲಭ್ಯ ಎಷ್ಟೋ ರಿಸೀವರ್‌ಗಳಲ್ಲಿದೆ, ಯಾರೂ ಹೇಳಿಕೊಡಲ್ಲ.

ಓಮ್ ಆದ ಮೇಲೆ ಕೇಳಬೇಕಾದ್ದು ಡೆಸಿಬಲ್, ಅಂದರೆ ಸದ್ದಿನ ಜೋರಿನ ಅಳತೆ. ಸ್ಪೀಕರ್ ಕಾಗದದಲ್ಲಿ ಸೆನ್ಸಿಟಿವಿಟಿ 88 ಡೆಸಿಬಲ್ ಅಂತ ಇದ್ದರೆ, 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಸದ್ದು ಅಂತ ಅರ್ಥ. ವ್ಯಾಟ್ ಎರಡರಷ್ಟು ಮಾಡಿದರೆ ಏರೋದು 3 ಡೆಸಿಬಲ್ ಮಾತ್ರ. 50 ವ್ಯಾಟ್ ರಿಸೀವರ್ ಬಿಟ್ಟು 100 ವ್ಯಾಟಿನದು ತಂದರೆ ಆ ಮೂರೇ ಡೆಸಿಬಲ್ ಸಿಗೋದು. ಕಿವಿಗೆ ಸದ್ದು ಎರಡರಷ್ಟು ಅನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅಂದರೆ ವ್ಯಾಟ್ ಹತ್ತು ಪಟ್ಟು. ಅದೇ 85 ಡೆಸಿಬಲ್ ಸ್ಪೀಕರ್ ಬದಲು 91ರದ್ದು ಆರಿಸಿಕೊಂಡರೆ, ಮೊದಲನೆಯದಕ್ಕೆ 100 ವ್ಯಾಟಿನಲ್ಲಿ ಬರುವ ಸದ್ದು ಎರಡನೆಯದಕ್ಕೆ 25 ವ್ಯಾಟಿನಲ್ಲಿ ಬರುತ್ತದೆ. ದುಡ್ಡು ಎಲ್ಲಿ ಹಾಕಬೇಕು ಅನ್ನೋದು ಈ ಒಂದು ಲೆಕ್ಕದಲ್ಲೇ ತಿಳಿಯುತ್ತದೆ. ಒಂದು ಎಚ್ಚರ ಮಾತ್ರ ಇರಲಿ. 4 ಓಮ್ ಸ್ಪೀಕರ್ ಕಾಗದದಲ್ಲಿ 1 ವ್ಯಾಟ್ ಬದಲು 2.83 ವೋಲ್ಟ್ ಅಂತ ಬರೆದಿದ್ದರೆ, 8 ಓಮ್‌ಗೆ ಅದು 1 ವ್ಯಾಟ್, 4 ಓಮ್‌ಗೆ 2 ವ್ಯಾಟ್. ಹಾಗಾಗಿ ಆ ಸಂಖ್ಯೆಯಿಂದ 3 ಕಳೆದು ನೋಡಬೇಕು.

ನಮ್ಮ ಕಡೆಯ ರೈತರಿಗೆ ನಾನು ಬೋರ್‌ವೆಲ್ ಲೆಕ್ಕದಲ್ಲೇ ಹೇಳುತ್ತೇನೆ. ಪಾವಗಡ, ಶಿರಾ ಕಡೆಯವರು ಮೋಟಾರ್ ತರುವಾಗ ಬರೀ ಎಷ್ಟು ಎಚ್‌ಪಿ ಅಂತ ಕೇಳುತ್ತಾರಾ? ಎಷ್ಟು ಅಡಿ ಆಳ, ನೀರು ಎಲ್ಲಿ ನಿಂತಿದೆ, ಎಷ್ಟು ಇಂಚು ಬರುತ್ತೆ, ಎಷ್ಟು ಸ್ಟೇಜ್ ಪಂಪು, ಕೇಬಲ್ ಎಷ್ಟು ದಪ್ಪ, ಎಲ್ಲ ಕೇಳುತ್ತಾರೆ. ಎಚ್‌ಪಿ ಒಂದನ್ನೇ ನೋಡಿ ಇಳಿಸಿದರೆ ಮೋಟಾರ್ ಸುಡುತ್ತೆ ಅಂತ ಅವರಿಗೆ ಗೊತ್ತು. ಹೋಂ ಥಿಯೇಟರ್ ಅಂಗಡಿಗೆ ಬಂದಾಗ ಅದೇ ರೈತ ‘ಎಷ್ಟು ವ್ಯಾಟು’ ಅಂತ ಒಂದೇ ಪ್ರಶ್ನೆ ಕೇಳುತ್ತಾನೆ. ಅವನದು ತಪ್ಪಲ್ಲ. ಜಾಹೀರಾತಿನಲ್ಲಿ ಅವನ ಕಣ್ಣಿಗೆ ಬಿದ್ದದ್ದು ಅದೊಂದೇ.

ಹನ್ನೆರಡಡಿಗೆ ಹದಿನಾಲ್ಕಡಿ ಹಾಲ್, ಎಂಟೊಂಬತ್ತು ಅಡಿ ದೂರದಲ್ಲಿ ಸೋಫಾ, 88 ಡೆಸಿಬಲ್‌ನ 8 ಓಮ್ ಸ್ಪೀಕರ್. ಇದು ನಮ್ಮೂರಿನ ಸಾಮಾನ್ಯ ಮನೆ. ಇಲ್ಲಿ 1 ವ್ಯಾಟಿಗೇ ಸೋಫಾದ ಹತ್ತಿರ 80 ಡೆಸಿಬಲ್ ಆಸುಪಾಸು ಸದ್ದು ಬರುತ್ತದೆ. ದಿನದ ವಾರ್ತೆ, ಧಾರಾವಾಹಿ, ಹಾಡಿಗೆ ಒಂದೆರಡು ವ್ಯಾಟ್ ಸಾಕು. ಉಳಿದದ್ದು ಸಿನಿಮಾದಲ್ಲಿ ಗುಡುಗು ಸಿಡಿಲು ಬಂದಾಗ ಒಂದು ಕ್ಷಣಕ್ಕೆ ಬೇಕಾಗುವ ಶಕ್ತಿ. ಪ್ರಾಮಾಣಿಕ 50 ವ್ಯಾಟ್ ಇದ್ದರೆ ಆ ಕ್ಷಣಕ್ಕೆ 97 ಡೆಸಿಬಲ್ ತನಕ ಹೋಗುತ್ತದೆ. ಮನೆಗೆ ಅದು ಧಾರಾಳ ಆಯಿತು.

‘ಪ್ರಾಮಾಣಿಕ’ ಅನ್ನೋ ಪದ ಬೇಕೆಂದೇ ಹಾಕಿದೆ. ಮೇಷ್ಟ್ರ ರಿಸೀವರ್ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಚಾನೆಲ್‌ಗೆ 150 ವ್ಯಾಟ್, ಏಳು ಚಾನೆಲ್ ಅಂತ ಇತ್ತು. ಗುಣಿಸಿದರೆ 1,050. ಒಳಗಿನ ಪುಸ್ತಕದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರ: ಆ 150 ಅಳೆದದ್ದು 6 ಓಮ್‌ಗೆ, 1,000 ಹರ್ಟ್ಜ್‌ನ ಒಂದೇ ಸ್ವರಕ್ಕೆ, 10 ಪರ್ಸೆಂಟ್ ಡಿಸ್ಟಾರ್ಷನ್ (ಸದ್ದು ಕೆಡುವ ಪ್ರಮಾಣ) ಆಗುವ ತನಕ ಏರಿಸಿ, ಒಂದೇ ಚಾನೆಲ್ ಓಡಿಸಿ. 10 ಪರ್ಸೆಂಟ್ ಅಂದರೆ ಆಗಲೇ ಒಡೆದ ಸದ್ದು. ಅದೇ ಪುಟದ ಮೇಲಿನ ಸಾಲಿನಲ್ಲಿ ಇನ್ನೊಂದು ಸಂಖ್ಯೆ ಇತ್ತು. 8 ಓಮ್‌ಗೆ, 20ರಿಂದ 20,000 ಹರ್ಟ್ಜ್ ತನಕ, 0.08 ಪರ್ಸೆಂಟ್ ಡಿಸ್ಟಾರ್ಷನ್‌ನಲ್ಲಿ, ಎರಡು ಚಾನೆಲ್ ಓಡಿಸಿದಾಗ 80 ವ್ಯಾಟ್. ಯಂತ್ರ ಒಂದೇ, ಪುಟ ಒಂದೇ. ಕೊಳ್ಳುವವರು ನೋಡಬೇಕಾದ್ದು ಎರಡನೆಯದು. ಅಚ್ಚಾಗೋದು ಮೊದಲನೆಯದು. ಬೆನ್ನಿನ ಲೇಬಲ್‌ನಲ್ಲಿ ಕರೆಂಟ್ ಬಳಕೆ 400 ವ್ಯಾಟ್ ಅಂತ ಇತ್ತು. ಆ ಸಂಖ್ಯೆ ಸಾಮಾನ್ಯ ಬಳಕೆಯ ಅಳತೆ, ಪೂರ್ತಿ ತಾಕತ್ತಿನದಲ್ಲ. ಆದರೂ ಏಳೂ ಚಾನೆಲ್‌ನಲ್ಲಿ ಒಟ್ಟಿಗೆ 1,050 ವ್ಯಾಟ್ ಕೊಡುವ ಟ್ರಾನ್ಸ್‌ಫಾರ್ಮರ್ ಅದರೊಳಗೆ ಇಲ್ಲ ಅಂತ ಒಂದು ಕೈಯಲ್ಲಿ ಎತ್ತಿ ನೋಡಿದವರಿಗೂ ತಿಳಿಯುತ್ತದೆ.

ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳು ಹುಡುಕಿ ಓದಿ ಹೇಳಿದಳು. ಅಮೆರಿಕದಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಅನ್ನುವ ಸರ್ಕಾರಿ ಸಂಸ್ಥೆ 1974ರಲ್ಲೇ ಮನೆಯ ಆಂಪ್ಲಿಫೈಯರ್‌ಗಳ ವ್ಯಾಟ್ ಜಾಹೀರಾತಿಗೆ ನಿಯಮ ಮಾಡಿತು. ಅಲ್ಲೂ ಆಗ ಇದೇ ಹಾವಳಿ ಇತ್ತಂತೆ. 2024ರಲ್ಲಿ ಆ ನಿಯಮವನ್ನು ಇನ್ನೂ ಬಿಗಿ ಮಾಡಿದ್ದಾರೆ. ವ್ಯಾಟ್ ಹೇಳಬೇಕಾದರೆ 8 ಓಮ್‌ಗೆ, 20ರಿಂದ 20,000 ಹರ್ಟ್ಜ್ ತನಕ, 1 ಪರ್ಸೆಂಟ್‌ಗಿಂತ ಕಮ್ಮಿ ಡಿಸ್ಟಾರ್ಷನ್‌ನಲ್ಲಿ ಅಳೆದದ್ದನ್ನು ಹೇಳಬೇಕು. ನಮ್ಮಲ್ಲೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ ಸ್ಪಷ್ಟವಾಗಿ ಬರೆದಿದೆ. ಅದನ್ನು ನೋಡಿಕೊಳ್ಳಲೆಂದೇ 2020ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಬಂತು. 1915ಕ್ಕೆ ಫೋನ್ ಮಾಡಿ ದೂರು ಹೇಳಬಹುದು. ಮೇಷ್ಟ್ರಿಗೆ ಆ ನಂಬರ್ ಬರೆದುಕೊಟ್ಟೆ. ಅವರು ‘ಬಿಡಪ್ಪಾ, ಇನ್ನು ಯಾರು ಅಲೆಯೋದು’ ಅಂದರು. ಬಹಳ ಜನ ಹಾಗೇ ಬಿಡುತ್ತಾರೆ. ಅದಕ್ಕೇ ಅಚ್ಚಾಗುವ ಜಾಗದಲ್ಲೇ ಸರಿ ಆಗಲಿ ಅಂತ ನಿಮಗೆ ಬರೆಯುತ್ತಿದ್ದೇನೆ.

ಜಾಹೀರಾತು ನಿಮ್ಮ ಪತ್ರಿಕೆಗೆ ಆದಾಯ ಅಂತ ನನಗೆ ಗೊತ್ತು. ಹಾಕಬೇಡಿ ಅಂತ ನಾನು ಹೇಳುತ್ತಿಲ್ಲ. ವ್ಯಾಟ್ ಸಂಖ್ಯೆ ಅಚ್ಚು ಮಾಡುವಾಗ ಅದರ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ, ಅದು ಎಷ್ಟು ಓಮ್‌ಗೆ, ಎಷ್ಟು ಚಾನೆಲ್ ಓಡಿಸಿದಾಗ ಅಂತ ಕೊಡಲು ಅಂಗಡಿಯವರನ್ನು ಕೇಳಿ. ಹೇಳಲು ಆಗದಿದ್ದರೆ ವ್ಯಾಟ್ ಸಂಖ್ಯೆಯನ್ನೇ ಬಿಡಲಿ. ಪಿಎಂಪಿಒ ಅನ್ನೋದನ್ನಂತೂ ತೆಗೆದುಬಿಡಲಿ. ಮೂರು ಇಂಚಿನ ಮಿಕ್ಸರ್ ಚಿತ್ರಕ್ಕೆ ಜಾಗ ಇರುವಾಗ ‘8 ಓಮ್, 2 ಚಾನೆಲ್’ ಅನ್ನುವ ಎರಡು ಪದಕ್ಕೆ ಜಾಗ ಸಿಗುತ್ತದೆ.

ಅಂಗಡಿಯವರಲ್ಲೂ ಒಂದು ಮನವಿ. ನಿಮ್ಮಲ್ಲಿ ಕೆಲಸಕ್ಕಿರುವ ಹುಡುಗರಿಗೆ ಒಂದು ಮಧ್ಯಾಹ್ನ ಕೂರಿಸಿ ಓಮ್ ಲೆಕ್ಕ ಹೇಳಿಕೊಡಿ. ಅವರು ಮೋಸ ಮಾಡಬೇಕು ಅಂತ ಮಾಡುತ್ತಿಲ್ಲ, ಅವರಿಗೂ ಯಾರೂ ಹೇಳಿಲ್ಲ. ಬೇಕಾದರೆ ನಾನೇ ಬಂದು ಹೇಳಿಕೊಡುತ್ತೇನೆ, ದುಡ್ಡು ಬೇಡ. ಒಂದೇ ಟರ್ಮಿನಲ್‌ಗೆ ಎರಡು 8 ಓಮ್ ಸ್ಪೀಕರ್ ಸಿಕ್ಕಿಸಿದರೆ 4 ಓಮ್ ಆಗುತ್ತದೆ ಅನ್ನೋದನ್ನಾದರೂ ಅವರು ಕಲಿಯಲಿ. ಅಡುಗೆಮನೆಗೂ ಒಂದು ಸ್ಪೀಕರ್ ಇರಲಿ ಅಂತ ಹಾಗೆ ಜೋಡಿಸಿ ರಿಸೀವರ್ ಸುಟ್ಟುಕೊಂಡವರು ಈ ವರ್ಷವೇ ಮೂವರು ಬಂದರು.

ವೈರಿನ ಬಗ್ಗೆ ಎರಡು ಮಾತು. ಡಬ್ಬದ ಜೊತೆ ಬರುವ ತೆಳು ವೈರು ಅರ್ಧ ಚದರ ಮಿ.ಮೀ. ಇದ್ದರೆ, ಹತ್ತು ಮೀಟರ್ ದೂರಕ್ಕೆ ಹೋಗಿ ಬರುವ ಹೊತ್ತಿಗೆ ವೈರೇ 0.7 ಓಮ್ ತಿನ್ನುತ್ತದೆ. ಮನೆ ವೈರಿಂಗ್‌ಗೆ ಬಳಸುವ 2.5 ಚದರ ಮಿ.ಮೀ. ತಾಮ್ರದ ಮೆತ್ತನೆಯ ವೈರು ಹಾಕಿದರೆ 0.14 ಓಮ್. ಇಷ್ಟೇ ಸಾಕು. ಸಾವಿರಾರು ರೂಪಾಯಿಯ ಚಿನ್ನದ ಬಣ್ಣದ ವೈರು ಬೇಡ.

ನಿಮ್ಮ ಓದುಗರು ಸ್ಪೀಕರ್ ಅಥವಾ ರಿಸೀವರ್ ಕೊಳ್ಳುವ ಮುಂಚೆ ಎರಡರ ಬೆನ್ನಿನ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು ಗುಬ್ಬಿ ಗೇಟ್ ಕಡೆ ಬಂದರೆ ಐದು ನಿಮಿಷದಲ್ಲಿ ನೋಡಿ ಹೇಳುತ್ತೇನೆ. ಹಾಲ್ ಉದ್ದಗಲ ಅಳೆದುಕೊಂಡು ಬಂದರೆ ಇನ್ನೂ ಒಳ್ಳೇದು. ಸಂಪಾದಕರೇ, ಯುಗಾದಿ ಪುರವಣಿಯ ಕೆಲಸ ನಿಮ್ಮಲ್ಲಿ ಇಷ್ಟರಲ್ಲೇ ಶುರುವಾಗುತ್ತದೆ ಅಂದುಕೊಂಡಿದ್ದೇನೆ. ಅದು ಅಚ್ಚಿಗೆ ಹೋಗುವ ಮುಂಚೆ ಜಾಹೀರಾತು ವಿಭಾಗದವರಿಗೆ ಈ ಪತ್ರವನ್ನು ಒಮ್ಮೆ ಓದಲು ಕೊಡಿ.

ಇಂತಿ ನಿಮ್ಮ ಓದುಗ,
ಒಬ್ಬ ರೇಡಿಯೊ–ಟಿ.ವಿ. ರಿಪೇರಿ ಅಂಗಡಿಯವ,
ಗುಬ್ಬಿ ಗೇಟ್, ತುಮಕೂರು